ಉಪ್ಪಿನ ಬಾಡಿಗೆ

ಬ್ಲ್ಯಾಕ್‌ಪೂಲ್‌ನ ಆಲ್ಮಾ ಬೀದಿಯಲ್ಲಿ ಎನಿಡ್ ಎಂಟ್ವಿಸಲ್ ನಡೆಸುತ್ತಿದ್ದ ಬೋರ್ಡಿಂಗ್ ಹೌಸಿಗೆ ‘ಸೀ ವ್ಯೂ’ ಎಂದು ಹೆಸರು. ಅಲ್ಲಿಂದ ಸಮುದ್ರ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೇ ಮಹಡಿಯ ಕಕ್ಕಸಿನಲ್ಲಿ ಕಮೋಡಿನ ಮುಚ್ಚಳದ ಮೇಲೆ ಹತ್ತಿ, ಕಿಟಕಿಗೆ ಕೆನ್ನೆ ಒತ್ತಿ ನಿಂತರೆ, ಎರಡು ಹೊಗೆಗೂಡುಗಳ ನಡುವೆ ಅಂಗೈಯಗಲದ ಬೂದು ನೀರು ಕಾಣುತ್ತಿತ್ತು. ಆ ಕಕ್ಕಸಿನ ಪಕ್ಕದ ಕೋಣೆಗೆ ಎನಿಡ್ ವಾರಕ್ಕೆ ಒಂದು ಪೌಂಡು ಹೆಚ್ಚಿಗೆ ಹಾಕುತ್ತಿದ್ದಳು. “ನಾವು ನೋಡ್ಲೇ ಇಲ್ವಲ್ರೀ” ಎಂದು ಯಾರಾದರೂ ಗೊಣಗಿದರೆ, “ನೋಟ ಇತ್ತಲ್ಲ? ನೋಡೋದು ಬಿಡೋದು ನಿಮ್ಮಿಷ್ಟ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಮನೆಯಲ್ಲಿ ಪುಕ್ಕಟೆ ಸಿಗುತ್ತಿದ್ದುದು ಗಾಳಿ ಮತ್ತು ಬೈಗುಳ. ಬಿಸಿನೀರಿನ ಚೀಲಕ್ಕೆ ಇಷ್ಟು, ಮಗುವಿನ ಹಾಲು ಬಿಸಿ ಮಾಡಿಕೊಡುವುದಕ್ಕೆ ಇಷ್ಟು, ತಡವಾಗಿ ಬಂದವರಿಗೆ ಬಾಗಿಲು ತೆಗೆಯುವುದಕ್ಕೆ ಇಷ್ಟು. ಸ್ನಾನದ ತೊಟ್ಟಿಯ ರಬ್ಬರ್ ಬಿರಡೆಯನ್ನು ಅವಳು ಏಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಮೊದಲು ಕಾಸು, ಆಮೇಲೆ ಬಿರಡೆ. ಒಮ್ಮೆ ಬರ್ನ್ಲಿ ಊರಿನ ಒಬ್ಬ ಭೂಪ ಕಾಸು ಕೊಡದೆ, ತನ್ನ ಹಿಮ್ಮಡಿಯನ್ನೇ ತೂತಿಗೆ ಒತ್ತಿ ಹಿಡಿದು ತೊಟ್ಟಿ ತುಂಬಿಸಿ ಸ್ನಾನ ಮುಗಿಸಿದ. ಅವನ ಬಿಲ್ಲಿನಲ್ಲಿ ಎನಿಡ್ ‘ನೀರು’ ಎಂದು ಬೇರೆಯೇ ಬರೆದು ವಸೂಲು ಮಾಡಿದಳು.

ಇದೆಲ್ಲಕ್ಕೂ ಮಿಗಿಲಾದದ್ದು ಉಪ್ಪಿನ ಬಾಡಿಗೆ. ಊಟದ ಕೋಣೆಯ ಒಂದೊಂದು ಮೇಜಿನ ಮೇಲೂ ಉಪ್ಪು, ಮೆಣಸು, ಸಾಸಿವೆಯ ಪುಟ್ಟ ಡಬ್ಬಿಗಳನ್ನು ಹೊತ್ತ ಹಿತ್ತಾಳೆಯ ಸ್ಟ್ಯಾಂಡು ನಿಂತಿರುತ್ತಿತ್ತು. ಆ ಸ್ಟ್ಯಾಂಡಿಗೆ ದಿನಬಾಡಿಗೆ. ಎನಿಡ್‌ಳ ತಾಯಿಯ ಕಾಲದಲ್ಲಿ ಊರಿನ ಎಲ್ಲ ಬೋರ್ಡಿಂಗ್ ಹೌಸಿನವರೂ ಹೀಗೆಯೇ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಬ್ಬೊಬ್ಬರಾಗಿ ನಾಚಿಕೊಂಡು ಕೈಬಿಟ್ಟರು. ಊರಿಗೊಂದು ದಾರಿಯಾದರೆ ಎನಿಡ್‌ಗೊಂದು ದಾರಿ. ಅವಳು ಬಿಡಲಿಲ್ಲ.

ಹಾಗಿದ್ದರೂ ಜನ ಯಾಕೆ ಬರುತ್ತಿದ್ದರು ಎಂದು ಕೇಳಬೇಕು. ಹಾಸಿಗೆ ಬಟ್ಟೆ ಅಷ್ಟು ಶುಭ್ರ, ಅದೊಂದು. ಅವಳ ಗಂಡ ವಿಲ್ಫ್ ಬೆಳಗ್ಗೆ ಮಾಡಿಕೊಡುತ್ತಿದ್ದ ಬೇಕನ್ ಎಂಬ ಹಂದಿಮಾಂಸದ ಹೋಳು, ಮೊಟ್ಟೆ, ಎಣ್ಣೆಯಲ್ಲಿ ಹುರಿದ ಬ್ರೆಡ್ಡು ಇನ್ನೊಂದು. ಆದರೆ ನಿಜವಾದ ಕಾರಣ ಬೇರೆ. ನಮ್ಮ ಲ್ಯಾಂಕಶೈರಿನ ಮಿಲ್ಲಿನ ಊರುಗಳು ವರ್ಷಕ್ಕೊಂದು ವಾರ ಮಿಲ್ಲಿಗೆ ಬೀಗ ಹಾಕಿ, ಊರಿಗೆ ಊರೇ ರೈಲು ಹತ್ತಿ ಸಮುದ್ರಕ್ಕೆ ಬರುತ್ತವೆ. ಒಂದು ವಾರ ಬರ್ನ್ಲಿಯವರು, ಇನ್ನೊಂದು ವಾರ ಓಲ್ಡಮ್‌ನವರು. ವಾಪಸು ಹೋದ ಮೇಲೆ ವರ್ಷವಿಡೀ ಹೇಳಿಕೊಳ್ಳಲು ಅವರಿಗೆ ಏನಾದರೂ ಬೇಕು. ಸುಖವಾಗಿದ್ದೆವು ಎಂದು ಹೇಳಿದರೆ ಯಾರು ಕೇಳುತ್ತಾರೆ? ಎನಿಡ್ ಉಪ್ಪಿಗೆ ಕಾಸು ಕಿತ್ತಳು ಎಂದರೆ ಇಡೀ ಮಿಲ್ಲು ಕಿವಿಗೊಡುತ್ತಿತ್ತು.

ಇನ್ನು ಅವಳ ಓವರ್‌ಡ್ರಾಫ್ಟಿನ ಸಂಗತಿ. ಅಕ್ಟೋಬರ್ ಕೊನೆಗೆ ಬೀದಿದೀಪಗಳ ಹಬ್ಬ ಮುಗಿಯಿತೆಂದರೆ ಈಸ್ಟರ್‌ವರೆಗೆ ಬ್ಲ್ಯಾಕ್‌ಪೂಲ್‌ಗೆ ನಾಯಿಯೂ ಬರುವುದಿಲ್ಲ. ಆದರೆ ಮನೆ ತೆರಿಗೆ ಬರುತ್ತದೆ, ಕಲ್ಲಿದ್ದಲಿನವನು ಬರುತ್ತಾನೆ, ಛಾವಣಿಯಿಂದ ನೀರೂ ಬರುತ್ತದೆ. ಆ ತಿಂಗಳುಗಳಲ್ಲಿ ಖಾತೆಯಲ್ಲಿ ಇಲ್ಲದ ಹಣವನ್ನೂ ತೆಗೆದುಕೊಳ್ಳಲು ಬ್ಯಾಂಕು ಅವಳಿಗೆ ಅನುಮತಿ ಕೊಟ್ಟಿತ್ತು. ಹದಿನೈದು ನೂರು ಪೌಂಡಿನ ತನಕ ಮುಳುಗಬಹುದು, ಜುಲೈ ಹೊತ್ತಿಗೆ ಎದ್ದು ಬಂದರಾಯಿತು. ಹಳೆಯ ಮ್ಯಾನೇಜರ್ ಹೇಡಾಕ್ ಸಾಹೇಬರು ಅವಳ ತಾಯಿಗೆ ಮಾಡಿಕೊಟ್ಟ ಏರ್ಪಾಡು ಅದು. ವರ್ಷಕ್ಕೊಮ್ಮೆ ಎನಿಡ್ ಹ್ಯಾಟು ಹಾಕಿಕೊಂಡು ಹೋಗುವುದು, ಹೇಡಾಕ್ ಒಂದು ಪುಟ್ಟ ಲೋಟದಲ್ಲಿ ಶೆರಿ ವೈನು ಕೊಡುವುದು, ಹತ್ತು ಪೌಂಡು ಫೀಸು, ಮುಗಿಯಿತು. ಆ ಶೆರಿಗೆ ಅವರು ಕಾಸು ತೆಗೆದುಕೊಳ್ಳುವುದಿಲ್ಲವೆಂಬುದು ಅವಳಿಗೆ ಪ್ರತಿ ವರ್ಷವೂ ಅಚ್ಚರಿಯ ವಿಷಯ.

ಸಾವಿರದ ಒಂಬೈನೂರ ಎಂಬತ್ತರ ಆಗಸ್ಟಿನಲ್ಲಿ, ಕೋಣೆಗಳೆಲ್ಲ ತುಂಬಿದ್ದ ಒಂದು ಬೆಳಗ್ಗೆ, ಬ್ಯಾಂಕಿನಿಂದ ಕಾಗದ ಬಂತು. ಹೇಡಾಕ್ ನಿವೃತ್ತರಾಗಿದ್ದರು. ಕೆಳಗೆ ‘ಆರ್. ಕ್ಲೆಗ್, ಮ್ಯಾನೇಜರ್’ ಎಂದು ಹೊಸ ಸಹಿ ಇತ್ತು. ಎನಿಡ್ ಓದಿದಳು, ಮತ್ತೆ ಓದಿದಳು, ಆಮೇಲೆ ಒಲೆಯ ಮುಂದಿದ್ದ ಗಂಡನ ಮೂಗಿನಡಿಗೆ ಹಿಡಿದಳು.

“ಓದು ಇದನ್ನ. ನನ್ನ ಕಣ್ಣಿಗೇನಾದ್ರೂ ಮಂಕು ಕವಿದಿದ್ಯಾ ನೋಡು.”

ವಿಲ್ಫ್ ಬೇಕನ್ ಹೋಳುಗಳನ್ನು ತಿರುವಿಹಾಕಿ ಕಾಗದ ಓದಿದ. “ವಾರ್ಷಿಕ ಫೀಸು ಹತ್ತಲ್ಲ, ಅರವತ್ತು. ಬಡ್ಡಿ ಜಾಸ್ತಿ. ಇನ್ನೊಂದೇನೋ ಇದೆಯಲ್ಲ… ‘ಬಳಸದೆ ಉಳಿದ ಮೊತ್ತದ ಮೇಲೂ ಶುಲ್ಕ ವಿಧಿಸಲಾಗುವುದು.’ ಹಂಗಂದ್ರೆ?”

“ಹಂಗಂದ್ರೆ ನಾನು ತಗೊಳ್ದೇ ಇರೋ ದುಡ್ಡಿಗೂ ನಾನು ದುಡ್ಡು ಕೊಡ್ಬೇಕಂತೆ!”

“ತಗೊಂಡ್ರೆ?”

“ತಗೊಂಡ್ರೆ ಬಡ್ಡಿ!”

“ಅಂತೂ ಕೊಡೋದು ನೀನೇ.”

“ಹಗಲು ದರೋಡೆ ಇದು! ಅಲ್ಲ, ಮುಟ್ಟೋದೇ ಇಲ್ಲ ನಾನು ಬೇಸಿಗೇಲಿ. ಸುಮ್ನೆ ಅಲ್ಲಿ ಬಿದ್ದಿರೋದಕ್ಕೆ ಬಾಡಿಗೆ ಕೇಳೋರು ಯಾವ ಊರಿನ ಜನ?”

ವಿಲ್ಫ್‌ನ ನಾಲಗೆಯ ತುದಿಗೆ ಒಂದು ಮಾತು ಬಂತು. ಮೂವತ್ತು ವರ್ಷ ಸಂಸಾರ ಮಾಡಿದವನು ಅವನು. ಮಾತನ್ನು ನುಂಗಿ, ಬಾಣಲೆಯ ಕಡೆ ತಿರುಗಿ ನಿಂತ. ಅವನ ಹೆಗಲು ಮಾತ್ರ ಸ್ವಲ್ಪ ಅಲುಗುತ್ತಿತ್ತು.

ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಅದೇ ಮಧ್ಯಾಹ್ನ ಎನಿಡ್ ಹ್ಯಾಟು ಹಾಕಿಕೊಂಡು ಬ್ಯಾಂಕಿಗೆ ಹೊರಟಳು. ಕ್ಲೆಗ್ ಮೂವತ್ತು ದಾಟಿದ, ತೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಶೆರಿಯ ಬದಲು ಮೆಷಿನ್ನಿನಿಂದ ಪ್ಲಾಸ್ಟಿಕ್ ಲೋಟದಲ್ಲಿ ಟೀ ತರಿಸಿದ. ಎನಿಡ್ ಅದನ್ನು ಮುಟ್ಟಲಿಲ್ಲ.

“ನೋಡಿ ಮಿಸ್ಟರ್ ಕ್ಲೆಗ್, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ತಗೊಂಡಿದ್ದಕ್ಕೆ ಬಡ್ಡಿ ಕೇಳಿ, ಕೊಡ್ತೀನಿ. ತಗೊಳ್ದೇ ಇರೋದಕ್ಕೆ ಯಾಕ್ರೀ ಶುಲ್ಕ?”

“ನಿಮಗೋಸ್ಕರ ಅಂತ ಎತ್ತಿಟ್ಟಿರ್ತೀವಲ್ಲ ಮಿಸೆಸ್ ಎಂಟ್ವಿಸಲ್. ಯಾವತ್ತು ಬೇಕಾದ್ರೂ ನೀವು ಕೈ ಹಾಕಬಹುದು.”

“ಹಾಕ್ಲಿಲ್ವಲ್ಲ!”

“ಹಾಕೋದು ಬಿಡೋದು ನಿಮ್ಮಿಷ್ಟ.”

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಎನಿಡ್‌ಗೆ ಅನ್ನಿಸಿತು. ಆದರೆ ಅವಳು ಆಗಲೇ ಏರುದನಿಗೆ ಬಂದಾಗಿತ್ತು. “ಇದು ಎಲ್ಲಿಯ ನ್ಯಾಯ ಸ್ವಾಮೀ?”

“ಸೀ ವ್ಯೂ ನ್ಯಾಯ,” ಎಂದ ಕ್ಲೆಗ್. ಅವನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. “ನಿಮಗೆ ನೆನಪಿರಲ್ಲ ಬಿಡಿ. ನನಗೆ ಆಗ ಎಂಟು ವರ್ಷ. ಓಲ್ಡಮ್ ವಾರ. ಎರಡನೇ ಮಹಡಿ, ಹಿಂದುಗಡೆ ಕೋಣೆ. ಅಮ್ಮ, ನಾನು, ನನ್ನ ತಂಗಿ. ಅಪ್ಪ ಹಿಂದಿನ ಚಳಿಗಾಲ ಹೋಗ್ಬಿಟ್ಟಿದ್ರು. ಅಮ್ಮ ಬಂದ ದಿನವೇ ಹಜಾರದಲ್ಲಿರೋ ನಿಮ್ಮ ನಿಯಮಗಳ ಬೋರ್ಡು ಓದಿ, ‘ಯಾರೂ ಉಪ್ಪಿನ ತಂಟೆಗೆ ಹೋಗ್ಬಾರ್ದು’ ಅಂತ ತಾಕೀತು ಮಾಡಿದ್ರು. ವಾರಪೂರ್ತಿ ಸಪ್ಪೆ ಮೊಟ್ಟೆ, ಸಪ್ಪೆ ಆಲೂಗಡ್ಡೆ ತಿಂದ್ವಿ. ತಂಗಿ ಒಂದ್ಸಲ ಡಬ್ಬಿಗೆ ಕೈ ಚಾಚಿದ್ದಕ್ಕೆ ಪಟ್ ಅಂತ ಏಟು ಬಿತ್ತು. ಶನಿವಾರ ಬಿಲ್ಲು ಬಂದಾಗ ನೋಡಿದ್ರೆ, ಏಳು ದಿನದ ಉಪ್ಪಿನ ಬಾಡಿಗೆ.”

ಎನಿಡ್ ಕೈಚೀಲದ ಹಿಡಿಯನ್ನು ತಿರುಚುತ್ತಾ ಕುಳಿತಳು.

“‘ನಾವು ಮುಟ್ಟೇ ಇಲ್ಲ ತಾಯೀ’ ಅಂದ್ರು ಅಮ್ಮ. ನೀವೇನಂದ್ರಿ ಗೊತ್ತಾ?”

ಗೊತ್ತಿತ್ತು. ಸಾವಿರ ಸಲ ಅಂದಿದ್ದಳು. “ಮೇಜಿನ ಮೇಲೆ ಇತ್ತಲ್ಲ, ಅಂದಿರ್ತೀನಿ.”

“ಅದೇ ಅಂದ್ರಿ. ನಮಗಿಬ್ಬರಿಗೂ ಹೋಗುವಾಗ ಒಂದೊಂದು ಬಣ್ಣದ ಸಕ್ಕರೆ ಕೋಲು ಕೊಡಿಸ್ತೀನಿ ಅಂತ ಅಮ್ಮ ಹೇಳಿದ್ರು. ಆ ದುಡ್ಡು ಉಪ್ಪಿಗೆ ಹೋಯ್ತು.” ಕ್ಲೆಗ್ ಕಾಗದಗಳನ್ನು ಜೋಡಿಸಿಟ್ಟ. “ಸೇಡು ಅಂದ್ಕೋಬೇಡಿ. ಈ ಶುಲ್ಕ ಲಂಡನ್ ಆಫೀಸಿನವರ ತಲೇಲಿ ಹುಟ್ಟಿದ್ದು, ನಂದಲ್ಲ. ಆದ್ರೆ ಸುತ್ತೋಲೆ ಬಂದ ದಿನ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದ್ದು ನಿಜ. ಇಬ್ಬರೂ ಬಹಳ ಹೊತ್ತು ನಕ್ಕಿದ್ದೂ ನಿಜ.”

ಎನಿಡ್ ಸಮುದ್ರದ ದಡದ ರಸ್ತೆಯಲ್ಲಿ ನಡೆದೇ ಮನೆಗೆ ಬಂದಳು. ಇಷ್ಟು ದಿನ ತಾನು ಚಾಪೆ ಕೆಳಗೆ ತೂರುವವಳು ಎಂದುಕೊಂಡಿದ್ದಳು. ಬ್ಯಾಂಕು ರಂಗೋಲಿ ಕೆಳಗೆ ತೂರಿತ್ತು. ಅವಮಾನವೂ ಆಗಿತ್ತು, ನಾಚಿಕೆಯೂ ಆಗಿತ್ತು. ಆದರೆ ಈ ಎರಡಕ್ಕಿಂತ ಸಿಟ್ಟು ಸುಲಭ, ಹಾಗಾಗಿ ಮನೆ ಮುಟ್ಟುವ ಹೊತ್ತಿಗೆ ಸಿಟ್ಟೊಂದೇ ಉಳಿದಿತ್ತು. ಬಾಗಿಲಲ್ಲೇ ಹ್ಯಾಟು ತೆಗೆದು ಎಸೆದು, “ಬೇಡ ಅವನ ಓವರ್‌ಡ್ರಾಫ್ಟು!” ಎಂದಳು.

ಬೇಡ ಎನ್ನುವುದು ಸುಲಭ. ಪಕ್ಕದ ಬೋರ್ಡಿಂಗ್ ಹೌಸು ಹಿಂದಿನ ವಸಂತದಲ್ಲಿ ಮಾರಾಟವಾಗಿತ್ತು. ಅದರ ಯಜಮಾನಿ ಎರಡು ಚಳಿಗಾಲ ಸಾಲವಿಲ್ಲದೆ ತಳ್ಳಲು ನೋಡಿ ಸೋತು, ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಮನೆಯನ್ನು ಕೊಂಡವನು ಅದನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಬಿಟ್ಟಿದ್ದ. ಬಾಗಿಲಿಗೆ ಏಳು ಕರೆಗಂಟೆಗಳು. ಅದೇ ಮನುಷ್ಯ ಎರಡು ವಾರಕ್ಕೊಮ್ಮೆ ಬಂದು ಎನಿಡ್‌ಳ ಹೊಸ್ತಿಲ ಬಳಿ ನಿಂತು, “ಯೋಚನೆ ಮಾಡಿದ್ರಾ ಮೇಡಂ?” ಎಂದು ಹಲ್ಲು ಕಿರಿಯುತ್ತಿದ್ದ. ಈಚೀಚೆಗೆ ಜನ ಬೇರೆ ರಜೆಗೆ ಸ್ಪೇನಿನ ವಿಮಾನ ಹತ್ತತೊಡಗಿದ್ದರು. ಓವರ್‌ಡ್ರಾಫ್ಟು ಇಟ್ಟುಕೊಂಡರೆ ದೀಪದ ಹಬ್ಬದಲ್ಲಿ ದುಡಿದದ್ದನ್ನು ಬ್ಯಾಂಕು ತಿನ್ನುತ್ತದೆ, ಬಿಟ್ಟರೆ ಅವಳ ತಾಯಿಯ ಮನೆಗೆ ಏಳು ಕರೆಗಂಟೆ ಬೀಳುತ್ತದೆ. ಆ ಮನೆಯಲ್ಲದೆ ಎನಿಡ್‌ಗೆ ಬೇರೆ ಬದುಕು ಗೊತ್ತಿರಲಿಲ್ಲ.

ಮುಂದಿನ ದಿನಗಳಲ್ಲಿ ಅಡುಗೆಮನೆಯಲ್ಲಿ ಇದೊಂದೇ ಮಾತು.

“ಇಟ್ಕೋ ಮತ್ತೆ,” ಎನ್ನುತ್ತಿದ್ದ ವಿಲ್ಫ್, ಆಲೂಗಡ್ಡೆ ಸುಲಿಯುತ್ತಾ.

“ಇಟ್ಕೊಂಡು ಅವನ ಮುಂದೆ ಹಲ್ಲುಗಿಂಜ್ಲಾ?”

“ಸರಿ, ಬಿಡು.”

“ಬಿಟ್ರೆ ಛಾವಣಿ ನಿಮ್ಮಪ್ಪ ಬಂದು ಹೊದಿಸ್ತಾನಾ?”

“ಇಡೋಕೂ ಬೇಡ, ಬಿಡೋಕೂ ಬೇಡ. ಹಂಗಾದ್ರೆ ಸಂಡಿಗೆ ಥರ ಒಣಗಿಸಿಡು.” ವಿಲ್ಫ್ ಚಾಕು ಕೆಳಗಿಟ್ಟ. “ನೋಡು ಎನಿಡ್. ಪ್ರತಿ ವರ್ಷ ಹೋಗೋವಾಗ ನಮ್ಮ ಜನ ಏನಂತಾರೆ? ‘ಬರೋ ವರ್ಷಾನೂ ಇದೇ ಕೋಣೆ, ಮರೀಬೇಡಿ’ ಅಂತಾರೆ. ಬರೀ ಬಾಯಿಮಾತು. ಆ ಬಾಯಿಮಾತಿನ ಜೊತೆ ಒಂದೊಂದು ಮನೆಯೋರಿಂದ ಇಪ್ಪತ್ತು ಪೌಂಡು ಮುಂಗಡ ಕೇಳು. ಓಲ್ಡಮ್‌ನವರು, ಆಮೇಲೆ ದೀಪ ನೋಡೋಕೆ ಬರೋರು, ಎಲ್ಲಾ ಸೇರಿದ್ರೆ ಚಳಿಗಾಲ ದಾಟುತ್ತೆ.”

“ಮುಂಗಡ? ನನ್ನನ್ನ ನಂಬಿ? ವರ್ಷ ಮೊದಲೇ?”

“ಬ್ಯಾಂಕಿನೋನು ನಿನ್ನನ್ನ ನಂಬೋಕೆ ಅರವತ್ತು ಪೌಂಡು ಕೇಳ್ತಿದಾನೆ. ಇವರು ಬಿಟ್ಟಿ ನಂಬಿದ್ರೂ ನಂಬಬಹುದು.”

ಎನಿಡ್ ಆಲೂಗಡ್ಡೆ ಸಿಪ್ಪೆಗಳನ್ನು ಬಾಚಿ ಒಂದೆಡೆ ಗುಡ್ಡೆ ಹಾಕಿದಳು. ಹಣದ ವಿಷಯದಲ್ಲಿ ಅವಳು ಯಾರನ್ನೂ ಯಾವತ್ತೂ ಕೇಳಿದವಳಲ್ಲ. ಅವಳು ಹೇಳುತ್ತಿದ್ದಳು, ಜನ ಕೊಡುತ್ತಿದ್ದರು. ಕೇಳುವುದೆಂದರೆ ಇಲ್ಲ ಅನ್ನಿಸಿಕೊಳ್ಳುವುದಕ್ಕೂ ತಯಾರಾಗಿರಬೇಕು. “ನಿನ್ನನ್ನ ಯಾಕೆ ನಂಬಬೇಕು ಅಂದ್ರೆ ಏನು ಹೇಳ್ಲಿ?” ಎಂದಳು, ಅವಳಿಗೆ ಅಭ್ಯಾಸವಿಲ್ಲದ ಸಣ್ಣ ದನಿಯಲ್ಲಿ.

“ಮೊದಲು ಜೇಬಲ್ಲಿರೋ ಆ ಬಿರಡೆ ತೆಗೆದಿಡು,” ಎಂದ ವಿಲ್ಫ್.

ಓಲ್ಡಮ್ ವಾರದ ಕೊನೆಯ ಬೆಳಗ್ಗೆ, ಎಲ್ಲರೂ ತಿಂಡಿಗೆ ಕುಳಿತಿದ್ದಾಗ, ಎನಿಡ್ ಊಟದ ಕೋಣೆಯ ನಡುವೆ ನಿಂತು ಕಂಚಿನ ಜಾಗಟೆ ಬಾರಿಸಿದಳು. ಸಾಮಾನ್ಯವಾಗಿ ಆ ಜಾಗಟೆ ಬಾರಿಸಿದರೆ ತಟ್ಟೆ ಎತ್ತುವ ಹೊತ್ತಾಯಿತು ಎಂದರ್ಥ. ಜನ ಗಾಬರಿಯಾಗಿ ಗಬಗಬನೆ ತಿನ್ನತೊಡಗಿದರು.

“ಯಾರೂ ಅವಸರ ಮಾಡ್ಬೇಡಿ,” ಎಂದಳು ಎನಿಡ್. ಇದು ಅವರನ್ನು ಇನ್ನಷ್ಟು ಗಾಬರಿಗೊಳಿಸಿತು. ಅವಳು ಗಂಟಲು ಸರಿಮಾಡಿಕೊಂಡು, ಬ್ಯಾಂಕಿನ ಸಾಲ ತುಟ್ಟಿಯಾಯಿತೆಂದೂ, ಚಳಿಗಾಲ ದಾಟಬೇಕೆಂದೂ, ಮುಂದಿನ ವರ್ಷದ ಕೋಣೆಗೆ ಈಗಲೇ ಸ್ವಲ್ಪ ಮುಂಗಡ ಕೊಡುವ ಮನಸ್ಸಿದ್ದವರು ಕೊಡಬಹುದೆಂದೂ ಹೇಳಿದಳು. ಕೊನೆಗೆ, ಹಲ್ಲು ಕೀಳಿಸಿಕೊಳ್ಳುವಾಗಿನ ಮುಖ ಮಾಡಿ, “ದಯವಿಟ್ಟು” ಎಂದಳು.

ಯಾರೂ ಉಸಿರೆತ್ತಲಿಲ್ಲ. ಆದರೆ ಎಲ್ಲ ಬಾಯಿಗಳೂ ಆಡತೊಡಗಿದವು. ಮಿಲ್ಲಿನ ಹೆಂಗಸರ ಪರಿ ಅದು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲವಲ್ಲ, ತುಟಿಗಳನ್ನು ದೊಡ್ಡದಾಗಿ ಆಡಿಸಿ, ಸದ್ದಿಲ್ಲದೆ ಕೋಣೆಯ ಈ ತುದಿಯಿಂದ ಆ ತುದಿಗೆ ಮಾತಾಡುವುದನ್ನು ಕಲಿತಿರುತ್ತಾರೆ. ಎನಿಡ್ ಮಿಲ್ಲಿನ ಮೆಟ್ಟಿಲು ತುಳಿದವಳಲ್ಲ. ತನ್ನದೇ ಮನೆಯಲ್ಲಿ, ತನ್ನದೇ ವಿಷಯದ ತೀರ್ಪನ್ನು ಕಣ್ಣೆದುರೇ ಆಡುತ್ತಿದ್ದರೂ ಒಂದಕ್ಷರ ತಿಳಿಯದೆ ಕಂಬದಂತೆ ನಿಂತಳು. ಕೊನೆಗೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಅಡುಗೆಮನೆಯ ಕಿಂಡಿಯ ಬಳಿಗೆ ಹೋದಳು. ಕಿಂಡಿಯಲ್ಲಿ ವಿಲ್ಫ್‌ನ ಮುಖವಿತ್ತು. ಅವನ ತಾಯಿ ನೇಕಾರಳು. ಅವನಿಗೆ ತುಟಿ ಓದಲು ಬರುತ್ತಿತ್ತು.

“ಏನಂತಿದಾರೆ?” ಎಂದು ಪಿಸುಗುಟ್ಟಿದಳು.

“ಕಿಟಕಿ ಹತ್ರದ ಮೇಜು ‘ಇವಳಿಗೆ ಜ್ವರ ಬಂದಿದ್ಯಾ’ ಅಂತಿದೆ. ಗೋಡೆ ಹತ್ರದೋರು ‘ಪಾಪ’ ಅಂದ್ರು.”

“ಪಾಪ ಅಂದೋರು ಯಾರು? ಅವರ ಬಿಲ್ಲು ಎಲ್ಲಿ?”

“ಸುಮ್ನಿರೇ. ಶೊರಾಕ್ ಅಮ್ಮ ಏನೋ ಹೇಳ್ತಿದಾರೆ… ‘ದಯವಿಟ್ಟು ಅಂದ್ಲಲ್ಲೇ, ಕೇಳಿಸ್ಕೊಂಡ್ಯಾ?’… ಈಗ ಲೆಕ್ಕ ಹಾಕ್ತಿದಾರೆ.”

ಮಿಸೆಸ್ ಶೊರಾಕ್ ಓಲ್ಡಮ್‌ನವರ ಮುಖಂಡಳು. ಹುಡುಗಿಯಾಗಿದ್ದಾಗಿನಿಂದ ಸೀ ವ್ಯೂಗೆ ಬರುತ್ತಿದ್ದವಳು, ಎನಿಡ್‌ಳ ತಾಯಿಯ ಕೈಲೂ ಬೈಸಿಕೊಂಡವಳು. ಅವಳು ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಎದ್ದು ನಿಂತಳು.

“ಕೊಡ್ತೀವಿ ಕಣಮ್ಮಾ. ಎಲ್ಲಾ ಮೇಜಿನೋರೂ ಕೊಡ್ತೀವಿ,” ಎಂದಳು. “ಆದ್ರೆ ಬಿಟ್ಟಿ ಅಲ್ಲ. ನಮ್ದೂ ಶುಲ್ಕ ಇದೆ.”

ಕೋಣೆಯಲ್ಲಿ ಒಂದು ಸುಖದ ಉಸಿರು ಹರಿದಾಡಿತು. ಎಷ್ಟು ವರ್ಷಗಳಿಂದ ಕಾದಿದ್ದ ಹೊತ್ತೋ ಅದು.

“ಒಂದನೇದು, ಸ್ನಾನದ ಬಿರಡೆ. ಅದು ತೊಟ್ಟಿಲೇ ಇರ್ಬೇಕು, ಸರಪಳಿ ಹಾಕಿ.”

ಎನಿಡ್ ಜೇಬಿಗೆ ಕೈ ಹಾಕಿದಳು. ಬಿರಡೆಯನ್ನು ತೆಗೆದು, ಒಂದು ಸಲ ನೋಡಿ, ಮಿಸೆಸ್ ಶೊರಾಕ್‌ಳ ಬೆಣ್ಣೆಯ ತಟ್ಟೆಯ ಪಕ್ಕ ಇಟ್ಟಳು. ಹಿಂದಿನ ಮೇಜಿನಿಂದ ಯಾರೋ ಚಪ್ಪಾಳೆ ತಟ್ಟಿದರು.

“ಎರಡನೇದು, ಮಳೆ ಬಂದ್ರೆ ತಿಂಡಿ ಆದ್ಮೇಲೆ ನಮ್ಮನ್ನ ಹೊರಗೆ ಅಟ್ಟಬಾರ್ದು. ಹಗಲೆಲ್ಲಾ ಬಸ್ ಸ್ಟ್ಯಾಂಡಲ್ಲಿ ಕೂತು ಕೂತು ನಮ್ಮೆಜಮಾನ್ರಿಗೆ ಸೊಂಟ ಹಿಡಿದಿದೆ.”

“ಮಳೆ ಬಂದ್ರೆ ಒಳಗೆ ಕೂತ್ಕೊಳಿ,” ಎಂದಳು ಎನಿಡ್. ಅಷ್ಟರಲ್ಲಿ ಹಳೆಯ ರಕ್ತ ಕುದಿಯಿತು. “ತುಂತುರಿಗಲ್ಲ ಮತ್ತೆ! ಸರಿಯಾದ ಮಳೆಗೆ ಮಾತ್ರ.”

“ಸರಿಯಾದ್ದು ಅಂತ ಹೇಳೋರ್ಯಾರು?”

“ವಿಲ್ಫ್ ಹೇಳ್ತಾನೆ.”

ವಿಲ್ಫ್ ಎಂದರೆ ಎಲ್ಲರಿಗೂ ಸಮ್ಮತ. ಬ್ರೆಡ್ಡಿನ ಅಡಿಯಲ್ಲಿ ಎರಡನೇ ಸಾಸೇಜು ಬಚ್ಚಿಟ್ಟು ಕೊಡುತ್ತಿದ್ದವನು ಅವನೇ. ಅದು ಎನಿಡ್ ಒಬ್ಬಳನ್ನು ಬಿಟ್ಟು ಇಡೀ ಲ್ಯಾಂಕಶೈರಿಗೆ ಗೊತ್ತಿತ್ತು.

“ಕಡೇದು,” ಎಂದಳು ಮಿಸೆಸ್ ಶೊರಾಕ್. ಮೇಜಿನ ಮೇಲಿದ್ದ ಹಿತ್ತಾಳೆಯ ಸ್ಟ್ಯಾಂಡನ್ನು ಬೆರಳ ತುದಿಯಿಂದ ಎನಿಡ್‌ಳ ಕಡೆಗೆ ತಳ್ಳಿದಳು, ಅಷ್ಟೆ.

ಎನಿಡ್‌ಗೆ ಒಬ್ಬಳು ವಿಧವೆಯೂ, ಏಟು ತಿಂದ ಒಂದು ಪುಟ್ಟ ಕೈಯೂ ಕಣ್ಣ ಮುಂದೆ ಬಂದವು. ಬ್ಯಾಂಕಿನಿಂದ ಬರುವ ದಾರಿಯಲ್ಲಿ ಸಿಟ್ಟು ಮುಚ್ಚಿಹಾಕಿದ್ದ ನಾಚಿಕೆ ಈಗ ಕಿವಿಯವರೆಗೆ ಕೆಂಪಗೆ ಏರಿತು. “ಈ ವಾರದ್ದೂ ಬೇಡ,” ಎಂದಳು. “ಬಿಲ್ಲಲ್ಲಿ ಹೊಡೆದುಹಾಕ್ತೀನಿ. ತಿನ್ನಿ, ಹಾಳಾಗಿ ಹೋಗ್ಲಿ, ಎಷ್ಟು ಬೇಕೋ ಅಷ್ಟು ಸುರ್ಕೊಳ್ಳಿ.”

ಆ ಬೆಳಗ್ಗೆ ಅವರು ಉಪ್ಪು ಸುರಿದುಕೊಂಡದ್ದು ನೋಡಬೇಕಿತ್ತು. ಬೇಕಾಗಿಯಲ್ಲ, ಹಠಕ್ಕೆ. ಟೀಗೂ ಹಾಕಿಕೊಂಡವರಿದ್ದರು. ನೀರಿನ ಹೂಜಿಯನ್ನು ನಾಲ್ಕು ಸಲ ತುಂಬಬೇಕಾಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಎಂದು ಎನಿಡ್ ಅಡುಗೆಮನೆಯಲ್ಲಿ ಹಲ್ಲು ಕಡಿದಳು.

ತಿಂಗಳ ಕೊನೆಯ ದಿನ ಅವಳು ಮತ್ತೆ ಹ್ಯಾಟು ಹಾಕಿಕೊಂಡು ಬ್ಯಾಂಕಿಗೆ ಹೋಗಿ ಕ್ಲೆಗ್‌ನ ಮುಂದೆ ಕುಳಿತಳು.

“ನಿಮ್ಮ ಓವರ್‌ಡ್ರಾಫ್ಟು ನನಗೆ ಬೇಡ. ಮುಚ್ಚಿಬಿಡಿ. ಮುಚ್ಚೋಕೂ ಶುಲ್ಕ ಇದ್ರೆ ಈಗಲೇ ಹೇಳಿ, ಬೈದು ಹೋಗ್ತೀನಿ.”

“ಇಲ್ಲ,” ಎಂದ ಕ್ಲೆಗ್. “ಆದ್ರೆ ಚಳಿಗಾಲಕ್ಕೆ ಏನ್ಮಾಡ್ತೀರಿ? ನಿಜವಾಗ್ಲೂ ಕೇಳ್ತಿದೀನಿ.”

ಎನಿಡ್ ಹೇಳಿದಳು. ಬಿರಡೆಯಿಂದ ಉಪ್ಪಿನವರೆಗೆ, ತನ್ನ ‘ದಯವಿಟ್ಟು’ ಒಂದನ್ನು ಬಿಟ್ಟು, ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಕ್ಲೆಗ್‌ನ ಅಚ್ಚುಕಟ್ಟಾದ ಮುಖ ಎಂಟು ವರ್ಷದ ಹುಡುಗನದಾಯಿತು. ಅವಳು ಕೈಚೀಲ ತೆರೆದು, ಕಾಗದದಲ್ಲಿ ಸುತ್ತಿದ್ದ ಎರಡು ಬಣ್ಣದ ಸಕ್ಕರೆ ಕೋಲುಗಳನ್ನು ಅವನ ಮೇಜಿನ ಮೇಲಿಟ್ಟಳು. “ಒಂದು ನಿಮ್ಮ ತಂಗಿಗೆ,” ಎಂದಳು. ಕ್ಷಮಿಸಿ ಎನ್ನುವ ಪದ ಅವಳ ಬಾಯಿಗೆ ಒಗ್ಗುತ್ತಿರಲಿಲ್ಲ. ಒಂದೇ ತಿಂಗಳಲ್ಲಿ ‘ದಯವಿಟ್ಟು’ ಮತ್ತು ‘ಕ್ಷಮಿಸಿ’ ಎರಡನ್ನೂ ಯಾವ ಹೆಂಗಸು ತಾನೇ ತಡೆದುಕೊಂಡಾಳು?

ಕ್ಲೆಗ್ ಕಾಗದಗಳಿಗೆ ಮೊಹರು ಒತ್ತಿದ. ಆಮೇಲೆ ತನ್ನ ಕೋಟಿನ ಒಳಜೇಬಿನಿಂದ ಎರಡು ಹತ್ತರ ನೋಟು ತೆಗೆದು ಅವಳ ಕಡೆ ಸರಿಸಿದ.

“ಇದೇನು?”

“ಮುಂಗಡ. ಬರೋ ವರ್ಷದ ಓಲ್ಡಮ್ ವಾರಕ್ಕೆ ಒಂದು ಕೋಣೆ. ಅಮ್ಮನಿಗೆ.”

“ಬರ್ತಾರಾ ಅವರು? ನನ್ನ ಮನೆಗೆ?”

“ಇನ್ನೊಂದ್ಸಲ ಆ ಮನೆ ಮೆಟ್ಟಿಲು ಹತ್ತಲ್ಲ ಅಂತ ಇಪ್ಪತ್ತಾರು ವರ್ಷದಿಂದ ಆಣೆ ಹಾಕಿದಾರೆ,” ಎಂದ ಕ್ಲೆಗ್. “ಆದ್ರೆ ಬೇರೆ ಯಾವ ಮನೆ ವಿಷಯಾನೂ ಅವರು ಇಷ್ಟು ಮಾತಾಡಿದ್ದಿಲ್ಲ.”

ಚಳಿಗಾಲ ಬಂತು. ಗಂಡಹೆಂಡಿರು ಅಡುಗೆಮನೆಯೊಂದನ್ನೇ ಬೆಚ್ಚಗಿಟ್ಟುಕೊಂಡು, ಕೋಟು ತೊಟ್ಟೇ ಮಲಗಿ, ಮಾಂಸದ ಕೊಬ್ಬು ಸವರಿದ ಬ್ರೆಡ್ಡು ತಿಂದು ಕಾಲ ಹಾಕಿದರು. ಛಾವಣಿಯ ಅರ್ಧ ಭಾಗಕ್ಕೆ ಹೊಸ ಹಂಚು ಬಿತ್ತು. ಉಳಿದರ್ಧಕ್ಕೆ ಬಕೆಟ್ಟು. ಕರೆಗಂಟೆಯ ಮನುಷ್ಯ ಮಾರ್ಚಿನಲ್ಲಿ ಬಂದು ಹಲ್ಲು ಕಿರಿದಾಗ ಎನಿಡ್ ಬಾಗಿಲಲ್ಲೇ, “ನಮ್ಮಲ್ಲಿ ಬರೋ ಬೇಸಿಗೆಯ ಜನ ಆಗಲೇ ದುಡ್ಡು ಕಟ್ಟಿ ಕೂತಿದಾರೆ ಕಣಪ್ಪಾ” ಎಂದು ಕದ ಹಾಕಿಕೊಂಡಳು.

ಆಗಸ್ಟಿನ ಕೊನೆಗೆ ಓಲ್ಡಮ್ ರೈಲಿನಲ್ಲಿ ಮಿಸೆಸ್ ಕ್ಲೆಗ್ ಬಂದಳು. ಗುಬ್ಬಿಯಷ್ಟು ಮೈಯ, ಸೂಜಿಯಂಥ ಕಣ್ಣಿನ ಮುದುಕಿ. ಹಜಾರದಲ್ಲಿ ನಿಂತು ನಿಯಮಗಳ ಬೋರ್ಡನ್ನು ಮೇಲಿಂದ ಕೆಳಗೆ ಓದಿದಳು. ಒಡೆಯದ ಬೀಗದ ಕಡೆ ನೋಡುವ ಕಳ್ಳನಂತೆ ಎನಿಡ್ ಅವಳನ್ನೇ ನೋಡುತ್ತಾ ನಿಂತಳು. ಮುದುಕಿ ಪೆಟ್ಟಿಗೆ ಎತ್ತಿಕೊಂಡು ಕೋಣೆಗೆ ಹೋದಳು.

ಮರುದಿನ ಬೆಳಗ್ಗೆ ಅವಳ ಮೊಟ್ಟೆಯನ್ನು ಎನಿಡ್ ತಾನೇ ಬೇಯಿಸಿದಳು. ವಿಲ್ಫ್‌ಗೂ ಮುಟ್ಟಗೊಡಲಿಲ್ಲ. ಹಿತ್ತಾಳೆಯ ಸ್ಟ್ಯಾಂಡನ್ನು ಹುಣಸೆಹಣ್ಣು ಹಾಕಿ ತಿಕ್ಕಿದಷ್ಟು ಥಳಥಳ ಹೊಳೆಸಿ, ಎರಡೂ ಕೈಯಲ್ಲಿ ಹಿಡಿದು ತಂದು ಮುದುಕಿಯ ಮುಂದಿಟ್ಟಳು. ಉಪ್ಪಿನ ಡಬ್ಬಿ ಕಂಠದವರೆಗೆ ತುಂಬಿತ್ತು. ಊಟದ ಕೋಣೆಯ ಎಲ್ಲ ಮೇಜುಗಳೂ ಚಮಚ ಕೆಳಗಿಟ್ಟು ನೋಡಿದವು. ಆ ಉಪ್ಪಿನ ಕತೆ ಓಲ್ಡಮ್‌ನಲ್ಲಿ ಯಾರಿಗೆ ಗೊತ್ತಿಲ್ಲ?

“ಬೇಕಾದಷ್ಟು ಹಾಕ್ಕೊಳಿ,” ಎಂದಳು ಎನಿಡ್. “ಬಾಡಿಗೆ ಇಲ್ಲ.”

ಮಿಸೆಸ್ ಕ್ಲೆಗ್ ಉಪ್ಪನ್ನು ನೋಡಿದಳು, ಎನಿಡ್‌ಳನ್ನು ನೋಡಿದಳು.

“ನಂಗೆ ಉಪ್ಪು ಬಾರದು ಕಣಮ್ಮಾ,” ಎಂದಳು. “ರಕ್ತದೊತ್ತಡ. ಹೋದ ಈಸ್ಟರ್‌ನಿಂದ ಡಾಕ್ಟ್ರು ಪೂರಾ ನಿಲ್ಸಿಬಿಟ್ಟಿದಾರೆ.”

ಇಷ್ಟು ದುಃಖ ಎನಿಡ್‌ಗೆ ತಾಯಿ ಸತ್ತ ದಿನವೂ ಆಗಿರಲಿಲ್ಲವೇನೋ. ಕೊಡಬೇಕಾದದ್ದನ್ನು ಕೊಡಲು ಬಂದಿದ್ದಳು, ತೆಗೆದುಕೊಳ್ಳುವವರಿಗೆ ಅದು ಬೇಡವಾಗಿತ್ತು. ಆಮೇಲೆ ಆ ಮನೆಯ ಚರಿತ್ರೆಯಲ್ಲೇ ನಡೆಯದ ಕೆಲಸ ಮಾಡಿದಳು. ಅತಿಥಿಯ ಮೇಜಿನ ಮುಂದಿನ ಕುರ್ಚಿ ಎಳೆದು ಕುಳಿತಳು. ಕಿಂಡಿಯ ಕಡೆ ಕೈ ಮಾಡಿ ತನಗೂ ಒಂದು ಮೊಟ್ಟೆ ತರಿಸಿಕೊಂಡಳು. ಅದರ ತಲೆ ಒಡೆದು, ಉಪ್ಪಿನ ಡಬ್ಬಿಯನ್ನು ದೂರ ತಳ್ಳಿ, ಚಮಚ ಹಾಕಿ ಬಾಯಿಗಿಟ್ಟಳು.

ಜಗಿದಳು. ನುಂಗಿದಳು.

“ಚೆನ್ನಾಗೇ ಇದೆಯಲ್ಲ,” ಎಂದಳು.

“ಸುಳ್ಳು ಹೇಳ್ಬೇಡ,” ಎಂದಳು ಮಿಸೆಸ್ ಕ್ಲೆಗ್, ತನ್ನ ಮೊಟ್ಟೆಯ ತಲೆಯನ್ನೂ ಒಡೆಯುತ್ತಾ. “ಮಣ್ಣು ತಿಂದ ಹಾಗಿರುತ್ತೆ. ವಾರಪೂರ್ತಿ ತಿಂದವಳು ನಾನು. ತಿನ್ನು, ಇನ್ನೂ ಆರು ದಿನ ಇದೆ.”